ಕಣ್ಣಿಗೆ ಕನ್ನಡ, ಕಿವಿಗೆ ಮೌನ

ಕಥಾಸಂಕಲನವನ್ನೋ ನಾಟಕ ಪ್ರಯೋಗವನ್ನೋ ಎತ್ತಿಕೊಂಡು ಗುಣದೋಷ ಹೇಳುವುದು ಈ ಪುಟಗಳ ವಾಡಿಕೆ. ಈ ಬಾರಿ ನಾವು ವಿಮರ್ಶೆಗೆ ಎತ್ತಿಕೊಂಡಿರುವುದು ಕನ್ನಡದ ಜಾಲಪುಟಗಳನ್ನು. ಅವುಗಳಲ್ಲಿ ಬರುವ ಸಾಹಿತ್ಯವನ್ನಲ್ಲ, ಆ ಸಾಹಿತ್ಯವನ್ನು ಅಲ್ಲಿ ಇಟ್ಟಿರುವ ರೀತಿಯನ್ನು. ಪುಸ್ತಕವೊಂದು ಕೈಗೆ ಬಂದಾಗ ಮುದ್ರಣ ಅಚ್ಚುಕಟ್ಟಾಗಿದೆಯೇ, ಕರಡು ತಿದ್ದಿದವರು ಎಚ್ಚರವಾಗಿದ್ದರೇ, ಕಾಗದ ಹೇಗಿದೆ ಎಂದು ನಮ್ಮ ವಿಮರ್ಶಕರು ಕೊನೆಯ ಪ್ಯಾರಾದಲ್ಲಾದರೂ ಒಂದು ಮಾತು ಹೇಳುತ್ತಾರೆ. ಜಾಲಪುಟಗಳ ವಿಷಯದಲ್ಲಿ ಆ ಒಂದು ಮಾತನ್ನೂ ನಾವು ಕೇಳಿಲ್ಲ. ಅಲ್ಲಿ ಕನ್ನಡ ಕಾಣಿಸಿಕೊಂಡರೆ ಸಾಕು, ನಮಗೆ ಹಬ್ಬ. ಅಂಗಡಿಯ ಫಲಕದಲ್ಲಾಗಲಿ, ರೈಲಿನ ತಿಕೀಟಿನಲ್ಲಾಗಲಿ ಕನ್ನಡವನ್ನು ಕಾಣದೆ ದಿನ ಕಳೆಯುವ ಹೊರನಾಡಿನವರಿಗೆ ಈ ಸಂಭ್ರಮ ಸಹಜವೇ. ಆದರೆ ಕಾಣುವುದು ಎಂದರೆ ಓದಿಸಿಕೊಳ್ಳುವುದು ಎಂದು ನಾವು ಹಿಡಿದುಬಿಟ್ಟಿದ್ದೇವೆ. ಅದು ಹಾಗಲ್ಲ ಎಂಬುದನ್ನು ಕುರಿತು ನಾಲ್ಕು ಮಾತು ಬರೆಯಬೇಕಾಗಿದೆ.

ಕಚೇರಿಯ ಜಾಲತಾಣಕ್ಕೆ ಮಾಹಿತಿ ಒದಗಿಸುವ ಕೆಲಸ ನಮ್ಮ ಮೇಜಿಗೆ ಬಂದು ಕೆಲವು ವರ್ಷಗಳಾದವು. ಬಿ.ಎಸ್ಸಿ. ಮಾಡಿಕೊಂಡವನು, ಯಂತ್ರಕ್ಕೆ ಹೆದರಲಾರ ಎಂಬುದು ಮೇಲಿನವರ ಲೆಕ್ಕಾಚಾರ. ಆ ನೆಪದಲ್ಲಿ ಈಚೆಗೆ ನಗರದ ಉತ್ತರದ ಒಂದು ಉಪನಗರದಲ್ಲಿ ಎರಡು ದಿನ ಜರುಗಿದ ತಾಂತ್ರಿಕ ಸಮ್ಮೇಳನಕ್ಕೆ ನಮ್ಮನ್ನು ಕಳುಹಿಸಿದರು. ಮೊದಲ ದಿನದ ಭಾಷಣಗಳ ಬಗ್ಗೆ ಹೇಳುವಂಥದ್ದು ಹೆಚ್ಚಿಲ್ಲ. ಎರಡನೆಯ ದಿನ ಮಧ್ಯಾಹ್ನದ ಗೋಷ್ಠಿ ಮಾತ್ರ ಬೇರೆ. ಅಂಗವೈಕಲ್ಯ ಇರುವವರಿಗೂ ನಿಲುಕುವಂತೆ ಜಾಲಪುಟಗಳನ್ನು ಹೇಗೆ ಕಟ್ಟಬೇಕು ಎಂಬುದು ವಿಷಯ. ದೃಷ್ಟಿಯಿಲ್ಲದ ಒಬ್ಬ ಮರಾಠಿ ತರುಣರು ವೇದಿಕೆಗೆ ಬಂದು, ಮೊದಲ ಕೆಲಸವಾಗಿ ಹಿಂದಿದ್ದ ದೊಡ್ಡ ಪರದೆಯನ್ನು ಆರಿಸಲು ಹೇಳಿದರು. ಸಭಿಕರೆಲ್ಲ ಕತ್ತಲೆಯ ಪರದೆಯನ್ನೇ ನೋಡುತ್ತ ಕುಳಿತೆವು. ಅವರ ಗಣಕಯಂತ್ರ ಒಂದು ಜಾಲಪುಟವನ್ನು ಗಟ್ಟಿಯಾಗಿ ಓದತೊಡಗಿತು. "ಕೊಂಡಿ, ಕೊಂಡಿ, ಚಿತ್ರ, ಚಿತ್ರ, ಗುಂಡಿ, ಚಿತ್ರ." ಯಾವ ಕೊಂಡಿ, ಯಾರ ಚಿತ್ರ, ಯಾವುದಕ್ಕೆ ಗುಂಡಿ, ಒಂದೂ ಇಲ್ಲ. ಆಮೇಲೆ ಅದೇ ಪುಟವನ್ನು ಸರಿಯಾಗಿ ಕಟ್ಟಿದ ಇನ್ನೊಂದು ರೂಪದಲ್ಲಿ ಓದಿಸಿದರು. ತಲೆಬರಹಗಳು, ಅವುಗಳ ಕೆಳಗಿನ ವಿವರ, ಚಿತ್ರದಲ್ಲಿ ಏನಿದೆ ಎಂಬ ಒಂದು ವಾಕ್ಯ, ಎಲ್ಲವೂ ಕ್ರಮವಾಗಿ ಕೇಳಿಬಂದವು. ಕಣ್ಣಿಗೆ ಈ ಎರಡು ಪುಟಗಳೂ ಒಂದೇ ರೀತಿ ಕಾಣುತ್ತವೆಯಂತೆ.

ಹೀಗೆ ಓದಿಹೇಳುವ ತಂತ್ರಾಂಶಕ್ಕೆ ಸ್ಕ್ರೀನ್ ರೀಡರ್ ಎಂದು ಹೆಸರು. ಹಿಂದೆ ಇವು ಬಹಳ ದುಬಾರಿಯಾಗಿದ್ದವು. 2006ರಲ್ಲಿ ಆಸ್ಟ್ರೇಲಿಯಾದ ಮೈಕೆಲ್ ಕರ್ರನ್ ಎಂಬ ದೃಷ್ಟಿಯಿಲ್ಲದ ತರುಣರು ಎನ್‌ವಿಡಿಎ ಎಂಬ ತಂತ್ರಾಂಶವನ್ನು ಆರಂಭಿಸಿದರು. ಅವರಂತೆಯೇ ದೃಷ್ಟಿಯಿಲ್ಲದ ಜೇಮ್ಸ್ ಟೆಹ್ ಜೊತೆಗೂಡಿದರು. ಅದನ್ನು ಯಾರು ಬೇಕಾದರೂ ಬಿಡಿಕಾಸು ಕೊಡದೆ ಪಡೆಯಬಹುದು. ಈಗ ಮೊಬೈಲುಗಳಲ್ಲೂ ಅಂಥ ವ್ಯವಸ್ಥೆ ಮೊದಲೇ ಸೇರಿಕೊಂಡಿರುತ್ತದೆ. ಕನ್ನಡದ ಧ್ವನಿಯೂ ಇದೆ. ಎಂದರೆ ಓದುವವನು ಸಿದ್ಧನಾಗಿಯೇ ಇದ್ದಾನೆ, ಓದಿಸಿಕೊಳ್ಳುವ ಪುಟಗಳು ಹೇಗಿವೆ ಎಂಬುದೇ ಪ್ರಶ್ನೆ.

ಚಹದ ಬಿಡುವಿನಲ್ಲಿ ಆ ತರುಣರನ್ನು ಕಂಡು, ನಮ್ಮ ಭಾಷೆಯ ಮೂರು ಪುಟಗಳನ್ನು ಓದಿಸಬಹುದೇ ಎಂದು ಕೇಳಿದೆವು. ಸಂತೋಷದಿಂದ ಒಪ್ಪಿದರು. ಮೊದಲನೆಯದು ಒಂದು ಸುದ್ದಿಯ ಪುಟ. ಯಂತ್ರದ ಧ್ವನಿ ಸ್ವಲ್ಪ ಮೂಗಿನಲ್ಲಿ ಮಾತಾಡಿದಂತಿದ್ದರೂ ಕನ್ನಡ ಕನ್ನಡವಾಗಿಯೇ ಬಂತು. ಎರಡನೆಯದು ಹಳೆಯ ಸಾಹಿತ್ಯದ ಪುಟ. ಅಲ್ಲಿ ‘ಕನ್ನಡ’ ಎಂಬ ಶಬ್ದವಿದ್ದ ಕಡೆ ಯಂತ್ರ ಹೇಳಿದ್ದು ಹೀಗೆ: ಪಿ, ತಲೆಯ ಮೇಲೆ ಓರೆಗೀಟಿರುವ ಎ, ಪೌಂಡಿನ ಗುರುತು, ಮತ್ತೆ ಓರೆಗೀಟಿನ ಎ, ಜರ್ಮನ್ ಭಾಷೆಯ ಒಂದು ಅಕ್ಷರ, ಕ್ಯೂ, ಮತ್ತೆ ಅದೇ ಎ. ಮೂರನೆಯದು ಪಿಡಿಎಫ್ ಕಡತ, ಹಳೆಯ ಕನ್ನಡ ಮಾಸಿಕವೊಂದರ ಸಂಚಿಕೆ. ಯಂತ್ರ ಏನನ್ನೂ ಹೇಳಲಿಲ್ಲ. ತರುಣರು ಕೀಲಿಗಳನ್ನು ಒತ್ತಿ ನೋಡಿ, "ಸಾಹೇಬ್, ಇದು ಖಾಲಿ ಪುಟವಲ್ಲವೇ?" ಎಂದು ಹಿಂದಿಯಲ್ಲಿ ಕೇಳಿದರು. ನಮ್ಮ ಕಣ್ಣೆದುರಿಗೆ ಆ ಪುಟದಲ್ಲಿ ಒಂದು ಸಂಪಾದಕೀಯ, ಅರ್ಧ ಕವಿತೆ ಮತ್ತು ಅಗರಬತ್ತಿಯ ಜಾಹೀರಾತು ಇದ್ದವು.

ಇದೇಕೆ ಹೀಗೆ ಎಂಬುದನ್ನು ವಿವರಿಸದೆ ಮುಂದೆ ಹೋಗುವಂತಿಲ್ಲ. ಗಣಕಯಂತ್ರಕ್ಕೆ ಅಕ್ಷರ ಗೊತ್ತಿಲ್ಲ, ಅಂಕೆ ಮಾತ್ರ ಗೊತ್ತು. ಪ್ರತಿ ಅಕ್ಷರಕ್ಕೂ ಒಂದು ಅಂಕೆಯನ್ನು ಗೊತ್ತುಮಾಡಿ, ಆ ಅಂಕೆ ಬಂದಾಗ ಈ ಆಕಾರವನ್ನು ತೋರಿಸು ಎಂದು ಅದಕ್ಕೆ ಹೇಳಿಕೊಟ್ಟಿರುತ್ತಾರೆ. ಆರಂಭದ ದಿನಗಳಲ್ಲಿ ಈ ಅಂಕೆಗಳಿಗೆ ಇದ್ದ ಜಾಗ 256 ಮಾತ್ರ. ಇಂಗ್ಲಿಷ್ ಮತ್ತು ಐರೋಪ್ಯ ಭಾಷೆಗಳ ಅಕ್ಷರಗಳು ಅಲ್ಲಿ ಆಗಲೇ ಬಿಡಾರ ಹೂಡಿದ್ದವು. ಕನ್ನಡದವರು ಏನು ಮಾಡಬೇಕು? ಪಿ ಇದ್ದ ಮನೆಯಲ್ಲಿ ‘ಕ’ದ ಮೈಯ ಆಕಾರವನ್ನೂ, ಓರೆಗೀಟಿನ ಎ ಇದ್ದ ಮನೆಯಲ್ಲಿ ಅದರ ತಲೆಕಟ್ಟನ್ನೂ ಕೂಡಿಸಿದರು. ಪರದೆಯ ಮೇಲೆ, ಅಚ್ಚಿನಲ್ಲಿ, ಸೊಗಸಾದ ‘ಕ’ ಮೂಡಿತು. ಮನೆಯ ಬಾಗಿಲಿನ ಹೆಸರು ಮಾತ್ರ ಪಿ ಎಂದೇ ಉಳಿಯಿತು. ಕಣ್ಣು ಮನೆಯೊಳಗಿರುವವರನ್ನು ನೋಡುತ್ತದೆ, ಓದುವ ಯಂತ್ರ ಬಾಗಿಲಿನ ಹೆಸರನ್ನು ನೋಡುತ್ತದೆ.

ಅಂದಿನವರನ್ನು ಇದಕ್ಕಾಗಿ ದೂರುವುದು ಸಲ್ಲದು. ಕನ್ನಡ ಗಣಕೀಕರಣದ ಕಥೆಯಲ್ಲಿ ಮುಂಬಯಿಯ ಪಾಲು ಸಣ್ಣದಲ್ಲ ಎಂಬುದನ್ನು ನಮ್ಮ ವಾಚಕರು ಹೆಮ್ಮೆಯಿಂದ ನೆನೆಯಬೇಕು. ಇಂದು ಕನ್ನಡ ಬೆರಳಚ್ಚಿಸುವ ಅನೇಕರು ಬಳಸುವ ಕೀಲಿಮಣೆಯ ವಿನ್ಯಾಸವನ್ನು ಕೊಟ್ಟ ಕೆ. ಪಿ. ರಾವ್ ಅವರು ಕೊಲಾಬಾದ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ಕೆಲಸ ಮಾಡಿದವರು. 1996ರಲ್ಲಿ ‘ವಿಶ್ವಕನ್ನಡ’ ಎಂಬ ಅಂತರ್ಜಾಲ ಪತ್ರಿಕೆಯನ್ನು ಹೊರತಂದ ಯು. ಬಿ. ಪವನಜ ಅವರು ಭಾಭಾ ಅಣುಶಕ್ತಿ ಸಂಶೋಧನಾ ಕೇಂದ್ರದಲ್ಲಿ ವಿಜ್ಞಾನಿಯಾಗಿದ್ದವರು. 1998ರಲ್ಲಿ ಶೇಷಾದ್ರಿವಾಸು ಅವರ ‘ಬರಹ’ ಬಂತು, ಮುಂದೆ ಕನ್ನಡ ಗಣಕ ಪರಿಷತ್ತಿನ ‘ನುಡಿ’ ಬಂತು. ಇವರ ದುಡಿಮೆ ಇಲ್ಲದಿದ್ದರೆ ಇಂದು ನಾವು ವಿಮರ್ಶೆ ಮಾಡಲು ಪುಟಗಳೇ ಇರುತ್ತಿರಲಿಲ್ಲ. ಇದ್ದ ಜಾಗದಲ್ಲಿ ಸಂಸಾರ ಹೂಡುವುದು ಹೇಗೆಂದು ಮುಂಬಯಿಯ ಚಾಳುಗಳಲ್ಲಿ ಬಾಳಿದವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ನಮ್ಮ ಆಕ್ಷೇಪ ಇರುವುದು ಆಮೇಲಿನದಕ್ಕೆ. ಜಗತ್ತಿನ ಎಲ್ಲ ಲಿಪಿಗಳಿಗೂ ಪ್ರತ್ಯೇಕ ಮನೆ ಕೊಡುವ ಯೂನಿಕೋಡ್ ಎಂಬ ವ್ಯವಸ್ಥೆ 1991ರಲ್ಲಿಯೇ ಬಂತು. ಅದರಲ್ಲಿ ಕನ್ನಡಕ್ಕೆ 128 ಮನೆಗಳ ಒಂದು ಓಣಿಯಿದೆ. ‘ಕ’ದ ಮನೆಯ ಸಂಖ್ಯೆ 3221, ಅಲ್ಲಿ ಬೇರೆ ಯಾವ ಭಾಷೆಯವರೂ ಇಲ್ಲ. ಸಾಮಾನ್ಯ ಗಣಕಯಂತ್ರಗಳಲ್ಲಿ ಅದು ಬಳಕೆಗೆ ಬಂದು ಎರಡು ದಶಕಗಳಿಗೂ ಮೀರಿದವು. ‘ಬರಹ’, ‘ನುಡಿ’ಗಳೇ ಯೂನಿಕೋಡಿಗೆ ದಾರಿ ಮಾಡಿಕೊಟ್ಟಿವೆ. ಆದರೂ ಅಚ್ಚುಮನೆಯವರು ಕೇಳುತ್ತಾರೆ, ಪುಟ ಜೋಡಿಸುವವರಿಗೆ ಅಭ್ಯಾಸವಾಗಿದೆ, ಅಕ್ಷರ ಅಂದವಾಗಿದೆ ಎಂಬ ನೆಪಗಳಿಂದ ಹಳೆಯ ಮನೆಗಳಲ್ಲಿಯೇ ಕಾಲಹರಣ ನಡೆದಿದೆ. ಇಲ್ಲಿ ಒಂದು ಹೋಲಿಕೆ ಮನಸ್ಸಿಗೆ ಬರುತ್ತದೆ. ಭಾರತದ ಭಾಷೆಗಳಿಗೆಲ್ಲ ಒಂದೇ ಬ್ರೈಲ್ ಲಿಪಿ ಇರಲಿ ಎಂದು 1951ರಲ್ಲಿಯೇ ತೀರ್ಮಾನವಾಯಿತು. ಅದಕ್ಕೆ ಭಾರತಿ ಬ್ರೈಲ್ ಎಂದು ಹೆಸರು. ಕನ್ನಡದ ‘ಕ’, ಮರಾಠಿಯ ‘ಕ’, ಬಂಗಾಳಿಯ ‘ಕ’, ಎಲ್ಲಕ್ಕೂ ಬೆರಳಿಗೆ ಸಿಗುವ ಚುಕ್ಕೆಗಳು ಒಂದೇ. ಸ್ವಾತಂತ್ರ್ಯ ಬಂದು ನಾಲ್ಕೇ ವರ್ಷಗಳಲ್ಲಿ ಆರು ಚುಕ್ಕೆಗಳ ಮೇಲೆ ದೇಶ ಒಮ್ಮತಕ್ಕೆ ಬಂದಿತ್ತು. ಅರ್ಧ ಶತಮಾನದ ಮೇಲೆ, ಕಣ್ಣಿದ್ದವರು ಒಂದೇ ಭಾಷೆಯ ಅಕ್ಷರಗಳಿಗೆ ತಲೆಗೊಂದು ಸಂಕೇತ ಮಾಡಿಕೊಂಡು ಕುಳಿತೆವು.

ಯೂನಿಕೋಡಿಗೆ ಬಂದವರೂ ಪೂರ್ತಿ ಬಂದಿಲ್ಲ. ಈ ಮಾತನ್ನು ನಾವು ಸ್ವಲ್ಪ ಒತ್ತಿ ಹೇಳಬೇಕು, ಏಕೆಂದರೆ ಈ ದೋಷ ನಮ್ಮ ನಿಮ್ಮ ಬೆರಳುಗಳಲ್ಲಿಯೇ ಇದೆ. ‘ಕರ್ನಾಟಕ’ ಎಂದು ಬರೆಯುವಾಗ ಅರ್ಕಾವತ್ತನ್ನು ಹೇಗೆ ಒತ್ತಬೇಕೆಂದು ತಿಳಿಯದವರು ಕನ್ನಡದ ಒಂಬತ್ತನ್ನು ತಂದು ಕೂಡಿಸಿ ‘ಕನಾ೯ಟಕ’ ಎಂದು ಬರೆಯುತ್ತಾರೆ. ಅನುಸ್ವಾರದ ಬದಲು ಸೊನ್ನೆಯನ್ನು ಇಟ್ಟು ‘ಮು೦ಬಯಿ’ ಎನ್ನುತ್ತಾರೆ. ಕಣ್ಣಿಗೆ ಎರಡೂ ಒಂದೇ. ಕರಡು ತಿದ್ದುವವರೂ ಮೋಸಹೋಗುತ್ತಾರೆ. ಯಂತ್ರ ಮಾತ್ರ ಹೇಳಿದ್ದನ್ನು ಹೇಳಿದ ಹಾಗೆ ಓದುವ ಪ್ರಾಣಿ. ಅದು "ಕನಾ ಒಂಬತ್ತು ಟಕ" ಎನ್ನುತ್ತದೆ, "ಮು ಸೊನ್ನೆ ಬಯಿ" ಎನ್ನುತ್ತದೆ. ರಾಜ್ಯೋತ್ಸವದ ಶುಭಾಶಯಗಳಲ್ಲಿ ‘ಕನಾ ಒಂಬತ್ತು ಟಕ’ ಎಷ್ಟು ಸಲ ಬರುತ್ತದೆ ಎಂಬುದನ್ನು ವಾಚಕರೇ ನವೆಂಬರಿನಲ್ಲಿ ಎಣಿಸಿ ನೋಡಬಹುದು. ಇದು ದೃಷ್ಟಿಯಿಲ್ಲದವರ ತೊಂದರೆ ಮಾತ್ರವಲ್ಲ. ಹೀಗೆ ಬರೆದ ಶಬ್ದ ಹುಡುಕಿದರೆ ಸಿಗುವುದಿಲ್ಲ, ಅಕಾರಾದಿಯಲ್ಲಿ ತನ್ನ ಜಾಗಕ್ಕೆ ಬಂದು ನಿಲ್ಲುವುದಿಲ್ಲ. ಕಾಗುಣಿತದ ವಿಷಯದಲ್ಲಿ ನಮ್ಮ ಹಳೆಯ ಮೇಷ್ಟರುಗಳು ಬೆತ್ತ ಹಿಡಿದು ಕಲಿಸಿದ್ದನ್ನು ಈ ಯಂತ್ರ ಬೆತ್ತವಿಲ್ಲದೆ ಕಲಿಸುತ್ತಿದೆ ಎಂದರೂ ಸರಿಯೇ.

ಇನ್ನೊಂದು ಸೂಕ್ಷ್ಮವಿದೆ. ಪ್ರತಿ ಜಾಲಪುಟದ ಹಣೆಯ ಮೇಲೆ, ನಮಗೆ ಕಾಣದ ಹಾಗೆ, ಈ ಪುಟ ಇಂಥ ಭಾಷೆಯದು ಎಂದು ಬರೆದಿಡಬೇಕು. ಆ ಗುರುತನ್ನು ನೋಡಿಯೇ ಯಂತ್ರ ಯಾವ ಭಾಷೆಯ ಧ್ವನಿಯಿಂದ ಓದಬೇಕೆಂದು ಗೊತ್ತುಮಾಡಿಕೊಳ್ಳುತ್ತದೆ. ಸಿದ್ಧ ಅಚ್ಚುಗಳನ್ನು ಇಂಗ್ಲಿಷಿನಿಂದ ತಂದು ಒಳಗೆ ಕನ್ನಡ ತುಂಬುವವರು ಹಣೆಬರಹವನ್ನು ಬದಲಿಸುವುದನ್ನು ಮರೆಯುತ್ತಾರೆ. ಆಗ ಕನ್ನಡದ ಬರಹಕ್ಕೆ ಇಂಗ್ಲಿಷಿನ ಧ್ವನಿ ಎದ್ದುನಿಂತು ತಡವರಿಸುತ್ತದೆ. ಒಂದು ಸಾಲು ಬದಲಿಸಿದರೆ ಮುಗಿಯಿತು.

ಒಳ್ಳೆಯ ಮಾದರಿಗಳೇ ಇಲ್ಲವೆಂದಲ್ಲ. 2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯ ಮೊದಲಿನಿಂದಲೂ ಯೂನಿಕೋಡಿನಲ್ಲಿದೆ. ಅದರ ತಲೆಬರಹಗಳು ತಲೆಬರಹಗಳೆಂದೇ ಯಂತ್ರಕ್ಕೆ ತಿಳಿಯುತ್ತವೆ. ಸಾವಿರಾರು ವಚನಗಳನ್ನು ಒಂದೆಡೆ ತಂದಿರುವ ‘ವಚನ ಸಂಚಯ’ದಲ್ಲಿ ಬೇಕಾದ ಶಬ್ದವನ್ನು ಹುಡುಕಬಹುದು, ಓದಿಸಿ ಕೇಳಬಹುದು. ಹಣವಂತರ ಬೆಂಬಲಕ್ಕಿಂತ ಉತ್ಸಾಹಿಗಳ ಶ್ರಮದಿಂದ ನಡೆದ ಕೆಲಸಗಳಿವು. ಹಣವಿದ್ದವರ ಪುಟಗಳು ಹೇಗಿವೆ? ನಮ್ಮ ಪತ್ರಿಕೆಗಳ ಜಾಲ ಆವೃತ್ತಿಗಳಲ್ಲಿ ಎಷ್ಟೋ ಇಂದಿಗೂ ಅಚ್ಚಾದ ಪುಟದ ಚಿತ್ರಗಳಾಗಿಯೇ ಬರುತ್ತವೆ. ಹಳೆಯ ಪುಸ್ತಕಗಳ ದೊಡ್ಡ ದೊಡ್ಡ ಭಂಡಾರಗಳೂ ಹೆಚ್ಚಾಗಿ ಚಿತ್ರಗಳ ಭಂಡಾರಗಳೇ. ಪುಸ್ತಕವನ್ನು ಗಾಜಿನ ಕಪಾಟಿನಲ್ಲಿಟ್ಟು ಬೀಗ ಹಾಕಿದಂತೆ, ನೋಡಬಹುದು, ಎತ್ತಿಕೊಳ್ಳುವಂತಿಲ್ಲ.

ಈಗ ನಮ್ಮ ಕಸುಬಿನ ಮಾತು. ಸರ್ಕಾರಿ ಸುತ್ತೋಲೆಯ ಜೀವನಚರಿತ್ರೆಯನ್ನು ನಾವು ದಿನವೂ ನೋಡುತ್ತೇವೆ. ಅದು ಗಣಕಯಂತ್ರದಲ್ಲಿ ಜೀವಂತ ಅಕ್ಷರಗಳಾಗಿಯೇ ಹುಟ್ಟುತ್ತದೆ. ಆಮೇಲೆ ಕಾಗದದ ಮೇಲೆ ಅಚ್ಚಾಗಿ, ಸಾಹೇಬರ ಮೇಜಿಗೆ ಹೋಗಿ, ಸಹಿ ಬಿದ್ದು, ಮೊಹರು ಬಿದ್ದು, ಸ್ಕ್ಯಾನ್ ಯಂತ್ರದ ಮೇಲೆ ಸ್ವಲ್ಪ ಓರೆಯಾಗಿ ಮಲಗಿ, ಚಿತ್ರವಾಗಿ ಜಾಲತಾಣವನ್ನು ಸೇರುತ್ತದೆ. ಅಂಗವಿಕಲ ನೌಕರರಿಗೆ ಸಿಗುವ ಸೌಲಭ್ಯಗಳ ಸುತ್ತೋಲೆಯೂ ಇದೇ ದಾರಿಯಲ್ಲಿ ಬರುತ್ತದೆ; ಯಾರನ್ನು ಉದ್ದೇಶಿಸಿ ಹೊರಡಿಸಿದ್ದೋ ಅವರಲ್ಲಿ ದೃಷ್ಟಿಯಿಲ್ಲದವರು ಪಕ್ಕದ ಮೇಜಿನವರನ್ನು ಕರೆದು ಓದಿಸಿಕೊಳ್ಳಬೇಕು. ನಿಯಮ ಇಲ್ಲವೆಂದು ಹೀಗಾಗಿಲ್ಲ. ಜಾಲಪುಟಗಳ ಸುಗಮತೆಗೆ ಜಾಗತಿಕ ಮಟ್ಟದ ಮಾರ್ಗಸೂಚಿ 1999ರಲ್ಲಿಯೇ ಪ್ರಕಟವಾಯಿತು. ಭಾರತ ಸರ್ಕಾರದ ಜಾಲತಾಣಗಳಿಗೆಂದೇ 2009ರಲ್ಲಿ ಮಾರ್ಗಸೂಚಿ ಬಂತು. 2023ರಲ್ಲಿ ಅದರ ಮೂರನೆಯ ಆವೃತ್ತಿಯೂ ಬಂದಿದೆ. 2015ರ ಡಿಸೆಂಬರಿನಲ್ಲಿ ಸುಗಮ್ಯ ಭಾರತ ಅಭಿಯಾನ ಆರಂಭವಾಯಿತು. 2016ರಲ್ಲಿ ಅಂಗವಿಕಲರ ಹಕ್ಕುಗಳ ಹೊಸ ಕಾಯಿದೆ ಬಂತು. ಕಡತಗಳಲ್ಲಿ ‘ವಿಕಲಾಂಗ’ ಹೋಗಿ ‘ದಿವ್ಯಾಂಗ’ ಬಂತು. ಹೆಸರು ಬದಲಾಯಿತು, ಸ್ಕ್ಯಾನ್ ಯಂತ್ರ ಬದಲಾಗಲಿಲ್ಲ.

ನ್ಯಾಯಾಲಯ ಮಾತ್ರ ಈಚೆಗೆ ಗಟ್ಟಿಯಾಗಿಯೇ ಮಾತಾಡಿದೆ. ಬ್ಯಾಂಕುಗಳು ಜಾಲದ ಮೂಲಕ ಗುರುತು ಪರಿಶೀಲಿಸುವಾಗ ಕ್ಯಾಮರಾದ ಮುಂದೆ ಕಣ್ಣು ಮಿಟುಕಿಸಿ ಎನ್ನುತ್ತವೆ. ಆಸಿಡ್ ದಾಳಿಯಲ್ಲಿ ಕಣ್ಣು, ರೆಪ್ಪೆ ಸುಟ್ಟುಹೋದವರು ಹೇಗೆ ಮಿಟುಕಿಸಬೇಕು? ಅಂಥವರೂ ದೃಷ್ಟಿಯಿಲ್ಲದವರೂ ಹೂಡಿದ ದಾವೆಗಳಲ್ಲಿ 2025ರ ಏಪ್ರಿಲ್ 30ರಂದು ಸರ್ವೋಚ್ಚ ನ್ಯಾಯಾಲಯವು, ಡಿಜಿಟಲ್ ಸೇವೆಗಳು ಎಲ್ಲರಿಗೂ ನಿಲುಕಬೇಕಾದದ್ದು ಸಂವಿಧಾನದ 21ನೆಯ ವಿಧಿಯ ಜೀವಿಸುವ ಹಕ್ಕಿನ ಭಾಗವೆಂದು ತೀರ್ಪಿತ್ತು, ಇಪ್ಪತ್ತು ನಿರ್ದೇಶನಗಳನ್ನು ಕೊಟ್ಟಿತು.

ಸಮ್ಮೇಳನವನ್ನೂ ವಿಮರ್ಶೆಯಿಂದ ಬಿಡುವಂತಿಲ್ಲ. ಎಲ್ಲರಿಗೂ ನಿಲುಕುವುದರ ಬಗ್ಗೆ ನಡೆದ ಆ ಗೋಷ್ಠಿ ಆದಿಯಿಂದ ಅಂತ್ಯದವರೆಗೆ ಇಂಗ್ಲಿಷಿನಲ್ಲಿತ್ತು. ತೋರಿಸಿದ ಉದಾಹರಣೆಗಳೂ ಇಂಗ್ಲಿಷಿನವೇ. ಮುಂಬಯಿಯಂಥ ಊರಿನಲ್ಲಿ ಮರಾಠಿಯ ಒಂದು ಪುಟವನ್ನಾದರೂ ವೇದಿಕೆಯ ಮೇಲಿಂದ ಓದಿಸಬಹುದಿತ್ತು. ಕನ್ನಡದ ಮಾತಂತೂ ದೂರ ಉಳಿಯಿತು. ಬಳಕೆದಾರ, ಬಳಕೆದಾರ ಎಂದು ನೂರು ಸಲ ಕೇಳಿದೆವು, ಆ ಬಳಕೆದಾರ ಮನೆಯಲ್ಲಿ ಯಾವ ಭಾಷೆ ಆಡುತ್ತಾನೆಂದು ಯಾರೂ ಕೇಳಲಿಲ್ಲ. ವಿಜ್ಞಾನದ ಸಮ್ಮೇಳನಗಳಲ್ಲಿ ಇದು ಹೊಸತೇನಲ್ಲವೆಂದು ಸುಮ್ಮನಾಗಬಹುದು. ಆದರೆ ಇಂಗ್ಲಿಷ್ ಬಲ್ಲ ಅಂಧರಿಗೆ ಜಗತ್ತು ಅಷ್ಟಿಷ್ಟು ತೆರೆದಿದೆ. ಕನ್ನಡವೊಂದನ್ನೇ ಬಲ್ಲ ಅಂಧರಿಗೆ ತೆರೆಯಬೇಕಾದವರು ನಾವು, ಇಂಗ್ಲಿಷಿನವರಲ್ಲ.

ನಮ್ಮ ಸಂಘದಲ್ಲಿಯೇ ಈ ಮಾತೆತ್ತಿದಾಗ ಹಿರಿಯ ಸದಸ್ಯರೊಬ್ಬರು, "ಅದೆಲ್ಲ ಸರಿ, ಆದರೆ ನಮ್ಮ ಚಂದಾದಾರರಲ್ಲಿ ಕುರುಡರು ಎಷ್ಟು ಜನ ಇದ್ದಾರು ಮಾರಾಯ್ರೆ?" ಎಂದರು. ಪ್ರಶ್ನೆ ಪ್ರಾಮಾಣಿಕವಾದದ್ದೇ. 2011ರ ಜನಗಣತಿಯ ಪ್ರಕಾರ ದೇಶದಲ್ಲಿ ದೃಷ್ಟಿದೋಷವುಳ್ಳವರು ಸುಮಾರು 50 ಲಕ್ಷ. ಆ ಪಟ್ಟಿಗೆ ಸೇರದವರೂ ಇದ್ದಾರೆ. ಸಕ್ಕರೆ ಕಾಯಿಲೆಯಿಂದಲೋ ಗ್ಲಾಕೋಮಾದಿಂದಲೋ ಅರವತ್ತರ ಮೇಲೆ ಓದು ಬಿಟ್ಟವರು ತಮ್ಮನ್ನು ಕುರುಡರೆಂದು ಹೇಳಿಕೊಳ್ಳುವುದಿಲ್ಲ, "ಈಗ ಅಕ್ಷರ ತಿಳಿಯುವುದಿಲ್ಲ" ಎಂದಷ್ಟೇ ಹೇಳುತ್ತಾರೆ. ಅಂಥವರು ಚಂದಾದಾರರ ಪಟ್ಟಿಯಲ್ಲಿ ಹೇಗೆ ಇದ್ದಾರು? ಓದಲಾಗದ ಪತ್ರಿಕೆಯ ಚಂದಾವನ್ನು ಯಾರೂ ನವೀಕರಿಸುವುದಿಲ್ಲ.

ನಮ್ಮ ನೆರೆಯ ಕಟ್ಟಡದಲ್ಲಿ ಅಂಥ ಒಬ್ಬರು ಅಜ್ಜ ಇದ್ದಾರೆ. ಬಾಲ್ಯದಲ್ಲಿ ದಕ್ಷಿಣ ಕನ್ನಡದಿಂದ ಬಂದು, ಫೋರ್ಟಿನ ಹೋಟೆಲೊಂದರಲ್ಲಿ ತಟ್ಟೆ ಲೋಟ ತೊಳೆಯುತ್ತ, ರಾತ್ರಿಶಾಲೆಯಲ್ಲಿ ಕನ್ನಡ ಓದಿ, ಮುಂದೆ ಗಲ್ಲಾಪೆಟ್ಟಿಗೆಯ ಮುಂದೆ ಕುಳಿತವರು. ಓದಿನ ರುಚಿ ಕಷ್ಟಪಟ್ಟು ಗಳಿಸಿದ್ದು, ಆದ್ದರಿಂದ ಬಿಟ್ಟಿಲ್ಲ. ಕಣ್ಣು ಮಾತ್ರ ಬಿಟ್ಟಿದೆ. ಒಂದು ಸಂಜೆ ನಾವು ಹೋದಾಗ ಮೊಮ್ಮಗನನ್ನು ಕರೆದು, "ಏನು ಮಗಾ, ಈ ತಿಂಗಳು ಯಾರದೆಲ್ಲ ಬಂದಿದೆ, ಸ್ವಲ್ಪ ಓದಿ ಹೇಳು" ಎಂದರು. ಹುಡುಗ ನಾಚಿಕೊಂಡು, "ಅಜ್ಜಾ, ನಂಗೆ ಕನ್ನಡ ಓದ್ಲಿಕ್ಕೆ ಬರುದಿಲ್ಲಲ್ಲಾ" ಎಂದ. ಹುಡುಗನ ಕನ್ನಡ ಸ್ಪಷ್ಟವಾಗಿದೆ, ಅಜ್ಜನ ಯಕ್ಷಗಾನದ ಕಥೆಗಳೆಲ್ಲ ಬಾಯಿಪಾಠ. ಲಿಪಿ ಮಾತ್ರ ಬಾರದು; ಅವನ ಶಾಲೆಯಲ್ಲಿರುವುದು ಇಂಗ್ಲಿಷ್, ಹಿಂದಿ, ಮರಾಠಿ. ಅಕ್ಷರ ಬಲ್ಲವರಿಗೆ ಕಾಣುವುದಿಲ್ಲ, ಕಾಣುವವನಿಗೆ ಅಕ್ಷರ ತಿಳಿಯದು. ಇಬ್ಬರ ನಡುವೆ ಟೀಪಾಯಿಯ ಮೇಲೆ ನಮ್ಮ ಪತ್ರಿಕೆ ಬಿದ್ದಿತ್ತು.

ಈ ಲೇಖನ ಬರೆಯಲು ಕಾರಣ ಆ ಹುಡುಗನೂ ಹೌದು. ಮುಂಬಯಿ, ಠಾಣೆ, ಡೊಂಬಿವಲಿಗಳ ಎಷ್ಟು ಕನ್ನಡ ಮನೆಗಳಲ್ಲಿ ಇಂಥ ಹುಡುಗರಿಲ್ಲ! ಮಹಾನಗರ ಪಾಲಿಕೆಯ ಕನ್ನಡ ಶಾಲೆಗಳು ಸೊರಗುತ್ತ ಬಂದದ್ದನ್ನು ನಾವೆಲ್ಲ ಕಂಡಿದ್ದೇವೆ. ಅವರಿಗೆ ಕನ್ನಡ ಕೇಳಿದರೆ ತಿಳಿಯುತ್ತದೆ, ನೋಡಿದರೆ ತಿಳಿಯುವುದಿಲ್ಲ. ಅಂಧರಿಗೆಂದು ಕಟ್ಟಿದ ವ್ಯವಸ್ಥೆ ಇವರಿಗೂ ಒದಗಿಬರುತ್ತದೆ. ನಮ್ಮ ಲೋಕಲ್ ಗಾಡಿಗಳಲ್ಲಿ ಮುಂದಿನ ನಿಲ್ದಾಣ ಯಾವುದೆಂದು ಕೂಗಿ ಹೇಳುವುದು ಕಣ್ಣಿಲ್ಲದವರಿಗೆ ಅತ್ಯಗತ್ಯ. ಪಾಳಿ ಮುಗಿಸಿ ತೂಕಡಿಸುವವರು, ನೂಕುನುಗ್ಗಲಿನಲ್ಲಿ ಕಿಟಕಿ ಕಾಣದೆ ನಿಂತವರು ಕೂಡ ಅದನ್ನೇ ನಂಬಿ ಇಳಿಯುತ್ತಾರೆ.

ಅಲ್ಲದೆ, ಕೇಳಿ ಓದುವುದು ಕನ್ನಡಕ್ಕೆ ಹೊಸ ವಿದ್ಯೆಯೇ? ಓದುವವನು ಒಬ್ಬ, ಕೇಳುವವರು ಊರೆಲ್ಲ ಎಂಬುದೇ ನಮ್ಮ ಹಳೆಯ ಪದ್ಧತಿ. ಕುಮಾರವ್ಯಾಸನ ಭಾರತವೂ ಲಕ್ಷ್ಮೀಶನ ಜೈಮಿನಿಯೂ ಅಕ್ಷರ ಬಾರದ ಮನೆಗಳನ್ನು ಮುಟ್ಟಿದ್ದು ಗಮಕಿಗಳ ಕಂಠದಿಂದ. ಕಣ್ಣಿಲ್ಲದ ಪಂಚಾಕ್ಷರಿ ಗವಾಯಿಗಳು, ಪುಟ್ಟರಾಜ ಗವಾಯಿಗಳು ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಕಟ್ಟಿದ ಸಂಗೀತ ಪರಂಪರೆ ಎಲ್ಲರಿಗೂ ಗೊತ್ತಿದೆ. ಸುಗಮ ಎಂದರೆ ನಮಗೆ ಮೊದಲು ನೆನಪಾಗುವುದೂ ಸಂಗೀತವೇ ತಾನೇ.

ಹಾಗೆಂದು ಯಂತ್ರದ ವಾಚನವನ್ನು ನಾವು ಹೊಗಳಲಾರೆವು. ಸುದ್ದಿ, ಸುತ್ತೋಲೆ, ಪ್ರಬಂಧಗಳಿಗೆ ಅದು ಸಾಕು. ಷಟ್ಪದಿಯೊಂದನ್ನು ಓದಿಸಿ ನೋಡಿದೆವು; ಗಾಡಿ ಹತ್ತು ನಿಮಿಷ ತಡವಾಗಿ ಬರಲಿದೆ ಎಂಬ ಧಾಟಿಯಲ್ಲಿ ಓದಿತು. ಗಣವೂ ಇಲ್ಲ, ಪ್ರಾಸದ ಒತ್ತೂ ಇಲ್ಲ, ಸಾಲಿನ ಕೊನೆಯಲ್ಲಿ ಮುರಿದ ಶಬ್ದವನ್ನು ಎರಡು ಶಬ್ದ ಮಾಡಿ ಕೈತೊಳೆದುಕೊಂಡಿತು. ‘ಡಾ.’ ಎಂಬಲ್ಲಿ ಚುಕ್ಕೆಗೆ ನಿಂತು ವಾಕ್ಯ ಮುಗಿಸಿತು. ಕಾವ್ಯಕ್ಕೆ ಇನ್ನೂ ಮನುಷ್ಯನ ಕಂಠವೇ ಬೇಕು. ಆದರೆ ಆ ಕಂಠ ಸಿಗದ ಮಧ್ಯಾಹ್ನಗಳಲ್ಲಿ, ಸೊಸೆ ಕೆಲಸಕ್ಕೆ ಹೋಗಿ ಮೊಮ್ಮಗ ಶಾಲೆಗೆ ಹೋದ ಮೇಲೆ, ಮೂಗಿನ ಧ್ವನಿಯಾದರೂ ಇರಲಿ ಎನ್ನುವವರಿಗೆ ಇಲ್ಲವೆನ್ನುವುದು ಹೇಗೆ?

ನಮ್ಮ ಸಂಘಗಳ ವ್ಯವಹಾರವನ್ನು ನೋಡಿದರೆ ಮಾಡಬೇಕಾದದ್ದು ಬಹಳ ಚಿಕ್ಕದು. ಕಾರ್ಯಕ್ರಮದ ಆಮಂತ್ರಣವನ್ನು ಈಗ ಎಲ್ಲರೂ ಬಣ್ಣದ ಚಿತ್ರವಾಗಿ ಮೊಬೈಲಿಗೆ ಕಳಿಸುತ್ತಾರೆ. ದೀಪದ ಚಿತ್ರ, ಭುವನೇಶ್ವರಿಯ ಚಿತ್ರ, ಕೆಂಪಿನ ಮೇಲೆ ಹಳದಿ ಅಕ್ಷರ. ಸ್ಕ್ರೀನ್ ರೀಡರ್ ಅದನ್ನು ಕಂಡು "ಚಿತ್ರ" ಎಂದು ಹೇಳಿ ಮುಂದೆ ಹೋಗುತ್ತದೆ. ಅದರ ಕೆಳಗೆ ದಿನ, ಹೊತ್ತು, ಸ್ಥಳ, ಅತಿಥಿಗಳ ಹೆಸರನ್ನು ಮೂರು ಸಾಲು ಬೆರಳಚ್ಚಿಸಿದರೆ ಖರ್ಚಿಲ್ಲ. ಪತ್ರಿಕೆಯನ್ನು ಅಚ್ಚಿಗೆ ಕಳಿಸುವ ಕಡತದ ಜೊತೆಗೆ ಯೂನಿಕೋಡಿನ ಬರಹವನ್ನೂ ಜಾಲದಲ್ಲಿಟ್ಟರೆ ಸಂಪಾದಕರಿಗೆ ಅರ್ಧ ದಿನದ ಕೆಲಸ. ಚಿತ್ರಗಳಿಗೆ ಬದಲಿ ಬರಹ ಕೊಡಬೇಕೆಂದು ಸಮ್ಮೇಳನದಲ್ಲಿ ಬಹಳ ದೊಡ್ಡ ಶೋಧವೆಂಬಂತೆ ಹೇಳಿದರು. ವಾರ್ಷಿಕೋತ್ಸವದ ಚಿತ್ರದ ಕೆಳಗೆ "ಎಡದಿಂದ ಬಲಕ್ಕೆ" ಎಂದು ಆರಂಭಿಸಿ, ಯಾರ ಹೆಸರನ್ನೂ ಬಿಡದೆ, ಬಿಟ್ಟರೆ ಮುಂದಿನ ತಿಂಗಳು ಪತ್ರ ಬರುತ್ತದೆಂಬ ಭಯದಿಂದ, ಹಿಂದಿನ ಸಾಲಿನಲ್ಲಿ ನಿಂತವರನ್ನೂ ಸೇರಿಸಿ ಅಚ್ಚುಹಾಕುತ್ತ ಬಂದಿರುವ ನಮ್ಮ ಸಂಘದ ಪತ್ರಿಕೆಗಳು ಈ ವಿದ್ಯೆಯಲ್ಲಿ ಯಾರಿಗೂ ಕಡಿಮೆಯಿಲ್ಲ. ಜಾಲದಲ್ಲಿ ಹಾಕುವಾಗ ಆ ಸಾಲನ್ನು ಚಿತ್ರದೊಳಗೆ ಸೇರಿಸಿ ಮೂಕವಾಗಿಸಬಾರದು, ಅಷ್ಟೆ.

ಹಳೆಯ ಸಂಚಿಕೆಗಳದ್ದು ಬೇರೆ ಬಗೆಯ ಕೆಲಸ. ಗ್ರಂಥಾಲಯದ ಕಪಾಟಿನಲ್ಲಿರುವ ಕಟ್ಟುಗಳನ್ನು ಸ್ಕ್ಯಾನ್ ಮಾಡಿದ್ದಾಗಿದೆ. ಚಿತ್ರದಿಂದ ಅಕ್ಷರಗಳನ್ನು ಎತ್ತುವ ತಂತ್ರಾಂಶಗಳೂ ಈಗ ಕನ್ನಡಕ್ಕೆ ಇವೆ. ಆದರೆ ಮಾಸಿದ ಅಚ್ಚಿನಲ್ಲಿ ಅವು ‘ಪ’ವನ್ನು ‘ಷ’ ಎನ್ನುತ್ತವೆ, ಒತ್ತಕ್ಷರಗಳನ್ನು ನುಂಗುತ್ತವೆ. ಪ್ರತಿ ಪುಟವನ್ನೂ ಮೂಲದ ಜೊತೆಗಿಟ್ಟು ಯಾರಾದರೂ ತಿದ್ದಬೇಕು, ಕನ್ನಡ ಚೆನ್ನಾಗಿ ಬಲ್ಲವರೇ ತಿದ್ದಬೇಕು. ನಿವೃತ್ತರಾದ ಕನ್ನಡ ಶಾಲೆಯ ಶಿಕ್ಷಕ ಶಿಕ್ಷಕಿಯರು ನಮ್ಮ ಸದಸ್ಯರಲ್ಲಿ ಕಡಿಮೆ ಇಲ್ಲ. ಒಂದು ಸಂಚಿಕೆಗೆ ಒಬ್ಬರಿಗೆ ಸುಮಾರು ಎರಡು ವಾರ ಹಿಡಿಯಬಹುದೆಂದು ನಮ್ಮ ಅಂದಾಜು. ಗ್ರಂಥಾಲಯದ ಎರಡು ಗಣಕಯಂತ್ರಗಳು ಶನಿವಾರ ಮಧ್ಯಾಹ್ನ ಎರಡರಿಂದ ಆರರವರೆಗೆ ಖಾಲಿ ಇರುತ್ತವೆ. ಅರ್ಕಾವತ್ತು ಒತ್ತುವುದನ್ನು ಐದು ನಿಮಿಷದಲ್ಲಿ ತೋರಿಸಿಕೊಡುತ್ತೇವೆ.